ಸೊಪ್ಪಿನ ಮೊದಲ ನೀರು

ನಮ್ಮ ಮನೆಯಲ್ಲಿ ಸೊಪ್ಪು ಬೇಯುವಾಗ ಪಾತ್ರೆಗೆ ಮುಚ್ಚಳ ಹಾಕುವಂತಿರಲಿಲ್ಲ. ಮುಚ್ಚಿದರೆ ಬಣ್ಣ ಮಂಕಾಗುತ್ತದೆ. ಮಂಕಾದ ಸೊಪ್ಪನ್ನು ಅಜ್ಜಿ ಮನುಷ್ಯರ ಊಟವೆಂದು ಒಪ್ಪುತ್ತಿರಲಿಲ್ಲ. ಹೊಲದ ಬದುವಿನಿಂದ ಕಿತ್ತು ತಂದ ಅಣ್ಣೆ, ಹೊನಗೊನ್ನೆ, ಕೀರೆ, ದಂಟು ಎಲ್ಲವನ್ನೂ ಬೆರಕೆ ಮಾಡಿ, ಈಳಿಗೆಮಣೆಯ ಮೇಲೆ ಎಳ್ಳಿನ ಗಾತ್ರಕ್ಕೆ ಹೆಚ್ಚಿ, ಹೆಚ್ಚಿದ ಮೇಲೆ ಮೂರು ಸಲ ತೊಳೆದು, ತಪ್ಪಲೆಯ ತುಂಬ ನೀರಿಟ್ಟು, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಕುದಿಸಬೇಕು. ಮೊದಲ ಕುದಿಗೆ ನೀರು ಹಸಿರಾಗಿ ಉಕ್ಕಿ ಬಂದಾಗ ಅದನ್ನು ಬಸಿದು ಎಮ್ಮೆಯ ಬಾನಿಗೆ ಸುರಿಯಬೇಕು. ಮತ್ತೆ ಹೊಸ ನೀರು ಹಾಕಿ ಬೇಯಿಸಿ, ಅದನ್ನೂ ಬಸಿದು, ಆ ಎರಡನೇ ನೀರಿಗೆ ಖಾರ ಅರೆದು ಹಾಕಿದರೆ ಬಸ್ಸಾರು. ಉಳಿದ ಸೊಪ್ಪನ್ನು ಎರಡು ಅಂಗೈಗಳ ನಡುವೆ ಹಿಂಡಿ ಒಗ್ಗರಣೆಗೆ ಹಾಕಿದರೆ ಪಲ್ಯ. ಬಸ್ಸಾರು ಮೊದಲು ಗಂಡಸರ ಮುದ್ದೆಗೆ ಹೋಗುತ್ತಿತ್ತು. ಹೆಂಗಸರ ಸರದಿ ಬರುವ ಹೊತ್ತಿಗೆ ಅದಕ್ಕೆ ಬಿಸಿನೀರು ಸೇರಿರುತ್ತಿತ್ತು. ನಮ್ಮ ಕಡೆ ಬಸ್ಸಾರು ಮಾಡದ ಮನೆಯೇ ಇಲ್ಲ, ಆದರೆ ಮೊದಲ ನೀರು ಎಮ್ಮೆಗೆ ಎಂಬ ಕಟ್ಟಳೆ ನಮ್ಮ ಮನೆಯದು ಮಾತ್ರ. ಸೊಪ್ಪಿನ ಸಾರ ಎಮ್ಮೆಗೆ, ಉಳಿದದ್ದು ಗಂಡಸರಿಗೆ, ಬಣ್ಣ ಹೆಂಗಸರಿಗೆ ಎಂದು ಈಗ ಸಲೀಸಾಗಿ ಬರೆಯಬಲ್ಲೆ. ಆಗ ಹಾಗೆ ಅನ್ನಿಸಿರಲಿಲ್ಲ. ಆಗ ಆ ಹಸಿರು ನೋಡಲು ಚೆನ್ನಾಗಿತ್ತು, ಅಷ್ಟೆ.

ಬಾಲ್ಯದ ಬಗ್ಗೆ ಬರೆಯುವಾಗ ನನ್ನ ಮೇಲೆ ನನಗೆ ನಂಬಿಕೆ ಕಡಿಮೆ. ಕಾಲೇಜಿಗೆ ಸೇರಿದ ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ. ಹಳೆಯ ಪುಟ ತೆಗೆದು ನೋಡಿದಾಗಲೆಲ್ಲ ನೆನಪಿನಲ್ಲಿರುವುದಕ್ಕೂ ಬರೆದಿಟ್ಟದ್ದಕ್ಕೂ ತಾಳೆಯಾಗುವುದಿಲ್ಲ. ಇಲ್ಲಿ ಹೇಳಲು ಹೊರಟಿರುವುದು ದಿನಚರಿಗಿಂತ ಹಿಂದಿನದು, ನನಗೆ ಒಂಬತ್ತೋ ಹತ್ತೋ ಇದ್ದಾಗಿನದು. ಅದಕ್ಕೆ ಸಾಕ್ಷಿಗಳು ಮೂವರು: ನಾನು, ಅಮ್ಮ, ಚಿಕ್ಕಮ್ಮ. ಮೂವರ ಮಾತೂ ಬೇರೆ ಬೇರೆ. ಮನೆಯ ವಿಷಯದಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ. ಶಿಡ್ಲಘಟ್ಟದಿಂದ ಸಾದಲಿಗೆ ಹೋಗುವ ದಾರಿಯ ಒಂದು ಹಳ್ಳಿ, ಮಣ್ಣಿನ ದಪ್ಪ ಗೋಡೆಯ ಮನೆ, ಹಿಂದುಗಡೆ ಕೊಟ್ಟಿಗೆ. ನಡುಮನೆಯಷ್ಟೂ ರೇಷ್ಮೆಹುಳುವಿನ ತಟ್ಟೆಗಳಿಗೆ ಬಿಟ್ಟದ್ದು. ನಾವು ಅವುಗಳ ಬುಡದಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದೆವು. ಹುಳುವಿಗೆ ತರುವ ಹಿಪ್ಪುನೇರಳೆ ಸೊಪ್ಪಿಗಿದ್ದ ಮರ್ಯಾದೆಯನ್ನು ನಾನು ಆ ಮನೆಯಲ್ಲಿ ಇನ್ನಾವುದಕ್ಕೂ ಕಾಣಲಿಲ್ಲ. ಬೆಳಗಿನ ತಂಪಿನಲ್ಲೇ ಕೀಳಬೇಕು. ಬಿಸಿಲು ತಾಕಿಸಬಾರದು. ಒದ್ದೆ ಗೋಣಿ ಹೊದಿಸಿಡಬೇಕು. ಹೆಚ್ಚಿದ ತಕ್ಷಣ ತಟ್ಟೆಗೆ ಹಾಕಬೇಕು, ತಡವಾದರೆ ಬಾಡುತ್ತದೆ. ‘ಸತ್ವ ಹೋಗುತ್ತೆ’ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಯಾವ ಪಾಠದಲ್ಲೂ ಅಲ್ಲ, ಅಜ್ಜಿಯ ಬಾಯಲ್ಲಿ, ಹುಳುವಿನ ಸೊಪ್ಪಿನ ಬಗ್ಗೆ. ನಮ್ಮ ಸೊಪ್ಪಿನ ಬಗ್ಗೆ ಅವಳು ಆ ಮಾತು ಆಡಿದ್ದು ನನಗೆ ನೆನಪಿಲ್ಲ.

ಸೋಡಾ ಹಾಕುವುದು ನನ್ನ ಕೆಲಸವಾಗಿತ್ತು. ಒಲೆಯ ಮೇಲಿನ ಗೂಡಿನಲ್ಲಿ ತಗಡಿನ ಡಬ್ಬಿ ಇರುತ್ತಿತ್ತು. ನೀರು ಮರಳುವಾಗ ಅದರಿಂದ ಒಂದು ಚಿಟಿಕೆ ತೆಗೆದು ಹಾಕಬೇಕು. ಜಾಸ್ತಿಯಾದರೆ ಸೊಪ್ಪು ಗಂಜಿಯಾಗುತ್ತದೆ, ಕಡಿಮೆಯಾದರೆ ಬಣ್ಣ ಬರುವುದಿಲ್ಲ. ಅಜ್ಜಿ ಯಾರನ್ನೂ ಹೊಗಳುವವಳಲ್ಲ. ಅಪ್ಪ ಇಡೀ ಬೆಳೆ ರೇಷ್ಮೆಗೂಡು ಕಟ್ಟಿಸಿದಾಗಲೂ ‘ಹೋದ ಸಲದಷ್ಟು ಬಿಳುಪಿಲ್ಲ’ ಅನ್ನುತ್ತಿದ್ದಳು. ಅಮ್ಮ ಮದುವೆಯಾಗಿ ಬಂದ ದಿನದಿಂದ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ‘ಏಯ್’ ಅಂದರೆ ಅಮ್ಮ ತಿರುಗುತ್ತಿದ್ದಳು. ಅಂಥವಳು ತಪ್ಪಲೆಯೊಳಗೆ ಬಗ್ಗಿ ನೋಡಿ, ಗಿಳಿಯ ರೆಕ್ಕೆಯಂತೆ ಹೊಳೆಯುವ ಸೊಪ್ಪನ್ನು ಕಂಡು ಹೇಳುತ್ತಿದ್ದಳು:

“ನಮ್ಮ ಸರೋಜನ ಚಿಟಿಕೆ ಅಂದ್ರೆ ಚಿಟಿಕೆ ಕಣಮ್ಮ. ತಕ್ಕಡೀಲಿ ತೂಗಿದಂಗೆ.”

ಆ ಮನೆಯಲ್ಲಿ ನನಗೆ ಸಿಕ್ಕ ಹೊಗಳಿಕೆ ಅಷ್ಟೆ. ಅದಕ್ಕಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ ಎಂದು ಬರೆದರೆ ಅತಿಶಯೋಕ್ತಿ ಅನ್ನಿಸಬಹುದು. ಏನು ಮಾಡಿದೆ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚಿಕ್ಕಪ್ಪ ಶಿಡ್ಲಘಟ್ಟದ ಒಂದು ಕಚೇರಿಯಲ್ಲಿ ಗುಮಾಸ್ತ, ದಿನವೂ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದ. ಅವನ ಹೆಂಡತಿಯಾಗಿ ಬಂದವಳು ಚಿಂತಾಮಣಿಯ ವನಜಾಕ್ಷಿ. ಹೈಸ್ಕೂಲು ಮುಗಿಸಿ, ಗ್ರಾಮಸೇವಿಕೆಯ ತರಬೇತಿಗೆ ಸೇರಿ, ಅದು ಮುಗಿಯುವ ಮೊದಲೇ ಮದುವೆಯಾಗಿ ಬಂದಿದ್ದಳು. ಹಳ್ಳಿ ಹೆಂಗಸರಿಗೆ ಆಹಾರ, ನೈರ್ಮಲ್ಯ, ಮಗುವಿನ ಆರೈಕೆ ಹೇಳಿಕೊಡುವ ತರಬೇತಿ ಅದು. ಕಂದು ಕಾಗದ ಹೊದಿಸಿದ ಒಂದು ದಪ್ಪ ನೋಟ್ ಪುಸ್ತಕ ಅವಳ ಟ್ರಂಕಿನಲ್ಲಿತ್ತು. ಬಂದ ತಿಂಗಳೊಳಗೇ ಜಗಳ ಶುರುವಾಯಿತು, ಮುಚ್ಚಳದಿಂದ. ಅಜ್ಜಿ ಹಿತ್ತಲಿಗೆ ಹೋಗಿದ್ದಾಗ ಚಿಕ್ಕಮ್ಮ ಸೊಪ್ಪಿನ ತಪ್ಪಲೆಗೆ ಮುಚ್ಚಳ ಹಾಕಿದ್ದಳು. ನೀರನ್ನೂ ಕಡಿಮೆ ಇಟ್ಟಿದ್ದಳು.

“ಯಾರು ಮುಚ್ಚಿದ್ದು ಇದನ್ನ?”

“ನಾನೇ ಅತ್ತೆ. ಮುಚ್ಚಿದ್ರೆ ಬೇಗ ಬೇಯುತ್ತೆ. ಜಾಸ್ತಿ ಹೊತ್ತು ಕುದಿಸಿದ್ರೆ ಜೀವಸತ್ವ ಹೋಗ್ಬಿಡುತ್ತಂತೆ.”

“ಎಲ್ಲಿಗೆ ಹೋಗುತ್ತೆ? ಚಿಂತಾಮಣಿಗಾ?”

ಅಮ್ಮ ನಕ್ಕಳು. ನಾನೂ ನಕ್ಕೆ. ಚಿಕ್ಕಮ್ಮ ನಗಲಿಲ್ಲ.

“ನೀರಿಗೆ ಹೋಗುತ್ತೆ ಅತ್ತೆ. ಆ ನೀರನ್ನ ನಾವು ಎಮ್ಮೆಗೆ ಹಾಕ್ತೀವಿ. ಈ ಮನೇಲಿ ಮೈತುಂಬಿಕೊಂಡಿರೋದು ಎಮ್ಮೆ ಒಂದೇ, ನೋಡಿ ಬೇಕಾದ್ರೆ.”

ಮಾತು ನಿಜವಾಗಿತ್ತು. ಎಮ್ಮೆ ಮಿರಮಿರ ಮಿಂಚುತ್ತಿತ್ತು. ಅಜ್ಜಿಗೆ ಸಿಟ್ಟು ನೆತ್ತಿಗೇರಿದರೆ ಬಾಯಿಗೆ ತೆಲುಗು ಬರುತ್ತಿತ್ತು. ‘ನೋರು ಮೂಸ್ಕೋ’, ಬಾಯಿ ಮುಚ್ಚು, ಎಂದು ಗದರಿ, ಮುಚ್ಚಳವನ್ನು ತೆಗೆದು ಅಂಗಳಕ್ಕೆ ಎಸೆದಳು. ಅದು ಕಲ್ಲಿನ ಮೇಲೆ ಬಿದ್ದು ಸುಮಾರು ಹೊತ್ತು ತಿರುಗಿತು. ಆ ದಿನದಿಂದ ಇಬ್ಬರೂ ನೇರವಾಗಿ ಮಾತಾಡಿದ್ದು ಅಪರೂಪ. ಒಬ್ಬರಿಗೆ ಹೇಳಬೇಕಾದ್ದನ್ನು ಇನ್ನೊಬ್ಬರು ನನಗೋ ಎಮ್ಮೆಗೋ ಹೇಳುತ್ತಿದ್ದರು. ಚಿಕ್ಕಮ್ಮ ತೊಳೆದು ಹೆಚ್ಚಿದ ಸೊಪ್ಪನ್ನು ಅಜ್ಜಿ ಮತ್ತೆ ತೊಳೆಯಿಸುತ್ತಿದ್ದಳು. ಚಿಕ್ಕಮ್ಮ ದಪ್ಪಗೆ ಹೆಚ್ಚಿದ್ದನ್ನು ಮತ್ತೆ ಸಣ್ಣಗೆ ಹೆಚ್ಚಿಸುತ್ತಿದ್ದಳು. ನಾನು ಅಜ್ಜಿಯ ಕಡೆಗಿದ್ದೆ, ಅದರಲ್ಲಿ ಅನುಮಾನವಿಲ್ಲ. ಚಿಕ್ಕಮ್ಮ ಬಂದ ಮೇಲೆ ಚಿಕ್ಕಪ್ಪ ಪೇಟೆಯಿಂದ ತರುವ ಪೆಪ್ಪರಮಿಂಟು ನನ್ನ ಕೈಗೆ ಬರುವುದು ನಿಂತಿತ್ತು ಎಂದು ಕಾರಣ ಕೊಡಬಹುದು. ಚಿಕ್ಕಮ್ಮ ಒಂದು ಸಲ ನೆಂಟರೆದುರು ನನ್ನ ಕೈ ಹಿಡಿದು, ‘ಸೋಡಾ ಹಾಕ್ಬಾರ್ದು ಕಣೇ, ಅದು ಬಟ್ಟೆಗೆ’ ಅಂದಳು ಎಂದೂ ಕಾರಣ ಕೊಡಬಹುದು. ನೆಂಟರು ನಕ್ಕದ್ದು ನನ್ನ ಕಿವಿಯಲ್ಲಿದೆ. ಆದರೆ ಮಕ್ಕಳ ದ್ವೇಷಕ್ಕೆ ಕಾರಣವಿರಲೇಬೇಕು ಎಂಬುದು ದೊಡ್ಡವರ ಕಲ್ಪನೆ ಇರಬಹುದು.

ಆ ನೋಟ್ ಪುಸ್ತಕಕ್ಕೆ ಆದ ಗತಿ ಹೀಗೆ. ಹುಳು ಮೊಟ್ಟೆಯೊಡೆದು ಬಂದಾಗ ಎಳೆಯ ಮರಿಗಳನ್ನು ಕಾಗದದ ಮೇಲೆ ಬಿಡುತ್ತಾರೆ. ಆ ಸಲ ಕಾಗದ ಸಾಲದೆ ಬಂತು. ಅಜ್ಜಿ ಟ್ರಂಕು ತೆಗೆದು, ಹೊಲಿಗೆ ಬಿಚ್ಚಿ, ಪುಟಗಳನ್ನು ತಟ್ಟೆಗಳಿಗೆ ಹಾಸಿದಳು. ಚಿಕ್ಕಮ್ಮ ನೀರು ಹೊತ್ತು ಬಂದವಳು ಬಿಂದಿಗೆ ಇಳಿಸದೆ ನಿಂತು ನೋಡಿದಳು.

“ಅದು ನನ್ನ ಪುಸ್ತಕ ಅತ್ತೆ.”

“ಓದಿದ್ದು ಹುಳುವಿಗಾದ್ರೂ ಉಪಯೋಗ ಆಗ್ಲಿ ಬಿಡು.”

ಇದನ್ನು ಅಮ್ಮ ಒಪ್ಪುವುದಿಲ್ಲ. ಕಾಗದ ಬೇಕೆಂದಾಗ ವನಜಳೇ ತೆಗೆದುಕೊಟ್ಟಳು, ಅತ್ತೆಯನ್ನು ಒಲಿಸಿಕೊಳ್ಳಲು ಕೊಟ್ಟಳು ಎಂದು ಅಮ್ಮ ಹೇಳುತ್ತಿದ್ದಳು. ಇರಬಹುದು. ನನಗೆ ಖಂಡಿತವಾಗಿ ಗೊತ್ತಿರುವುದು ಮುಂದಿನದು: ಮರಿಗಳು ಬೆಳೆದು ತಟ್ಟೆ ಬದಲಿಸುವಾಗ, ಹಿಕ್ಕೆಯನ್ನೂ ಒಣಗಿದ ಎಲೆಯ ನರಗಳನ್ನೂ ಕೊಡವಿ ಆ ಪುಟಗಳನ್ನು ನಾನು ಓದಿದೆ. ದುಂಡಗಿನ ಅಕ್ಷರ. ‘ಸೊಪ್ಪನ್ನು ತೊಳೆದ ನಂತರ ಹೆಚ್ಚಬೇಕು, ಹೆಚ್ಚಿದ ನಂತರ ತೊಳೆಯಬಾರದು. ಬೇಯಿಸಿದ ನೀರನ್ನು ಚೆಲ್ಲಬಾರದು. ಸೋಡಾ ಹಾಕಬಾರದು, ಬಣ್ಣ ಉಳಿದರೂ ಜೀವಸತ್ವ ನಾಶವಾಗುತ್ತದೆ.’ ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆದಿತ್ತು. ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ. ಹುಳುವಿನ ಹಿಕ್ಕೆ ಒರೆಸಿ ಓದಿಕೊಂಡಿದ್ದೆ.

ಚಿಕ್ಕಮ್ಮನ ಮೊದಲ ಬಸಿರು ಐದು ತಿಂಗಳಿಗೆ ಇಳಿಯಿತು. ಎರಡನೆಯದು ನಿಂತಾಗ ಅವಳು ತೀರ ಬಿಳಿಚಿಕೊಂಡಿದ್ದಳು. ನೀರಿನ ಬಿಂದಿಗೆ ಹೊತ್ತು ಬಂದರೆ ಹೊಸಿಲ ಮೇಲೆ ಕೂತುಬಿಡುತ್ತಿದ್ದಳು. ಚಿಕ್ಕಪ್ಪ ಶಿಡ್ಲಘಟ್ಟದ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿನ ದಾದಿ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಮೈಯಲ್ಲಿ ರಕ್ತವಿಲ್ಲ, ಈ ಸಲ ಹೀಗೇ ಬಿಟ್ಟರೆ ಮಗುವೂ ಉಳಿಯುವುದಿಲ್ಲ, ಸೊಪ್ಪು ಚೆನ್ನಾಗಿ ತಿನ್ನಬೇಕು ಎಂದಳಂತೆ. ಕೊಟ್ಟ ಗುಳಿಗೆಗಳು ಹೊಟ್ಟೆಯಲ್ಲಿ ನಿಲ್ಲಲಿಲ್ಲ, ನುಂಗಿದ ಹಾಗೇ ವಾಂತಿಯಾಗುತ್ತಿದ್ದವು. ಆ ಸಂಜೆ ಚಿಕ್ಕಮ್ಮ ತಿಂಗಳುಗಳ ಮೇಲೆ ಮೊದಲ ಸಲ ಅಜ್ಜಿಯನ್ನೇ ನೇರವಾಗಿ ಕೇಳಿದಳು.

“ಅತ್ತೆ, ಸೊಪ್ಪಿನ ಮೊದಲನೇ ನೀರು ನಂಗೆ ಒಂದು ಚೆಂಬು ಕೊಡಿ. ಉಪ್ಪು ಹಾಕ್ಕೊಂಡು ಕುಡೀತೀನಿ.”

“ಎಮ್ಮೆ ಬಾನಿಗೆ ಬಾಯಿ ಹಾಕೋಕೆ ನೀನೇನು ಎಮ್ಮೇನಾ?”

“ಎಮ್ಮೆ ಆಗಿದ್ರೆ ಕೇಳೋದೇ ಬೇಕಾಗಿರ್ಲಿಲ್ಲ. ನೀವೇ ತಂದು ಹಾಕ್ತಿದ್ರಿ.”

“ಕೇಳ್ದೇನೋ ನಿನ್ನ ಹೆಂಡ್ತಿ ಮಾತು?” ಎಂದು ಅಜ್ಜಿ ಚಿಕ್ಕಪ್ಪನ ಕಡೆ ತಿರುಗಿದಳು. “ಬಸುರಿ ಆ ನೀರು ಕುಡಿಯೋದಾ? ನಾನು ಜೀವಂತ ಇರೋವರ್ಗೂ ಆಗಲ್ಲ.”

ಚಿಕ್ಕಪ್ಪ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಬಿಡುತ್ತಲೇ ಇದ್ದ. ಚೈನಿಗೆ ಅಷ್ಟು ಎಣ್ಣೆ ಬೇಕಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ನನ್ನನ್ನು ಕೊಟ್ಟಿಗೆಗೆ ಕರೆದಳು. ಮೊದಲ ನೀರನ್ನು ಎಮ್ಮೆಯ ಬಾನಿಗೆ ಹೊತ್ತು ತರುವುದೂ ನನ್ನ ಕೆಲಸವೇ. ಅಂದರೆ ಆ ನೀರಿನ ಹುಟ್ಟು ಸಾವು ಎರಡೂ ನನ್ನ ಕೈಯಲ್ಲಿದ್ದವು, ಅದು ಅವಳಿಗೆ ಗೊತ್ತಿತ್ತು. ಹುಲ್ಲಿನ ಮೆದೆಯ ಸಂದಿಯಲ್ಲಿ ಒಂದು ಹಿತ್ತಾಳೆ ಚೆಂಬು, ಹಿತ್ತಲಿನ ಒಂದು ನಿಂಬೆಹಣ್ಣು ಬಚ್ಚಿಟ್ಟಿದ್ದಳು.

“ಸರೋಜಮ್ಮ, ಬಾನಿಗೆ ಸುರಿಯೋ ಮುಂಚೆ ಒಂದು ಚೆಂಬು ಇಲ್ಲಿ ಬಿಟ್ಟು ಹೋಗು. ಆಮೇಲೆ ಬಂದು ನಾನು ಕುಡೀತೀನಿ. ಯಾರ್ಗೂ ಹೇಳ್ಬಾರ್ದು.”

“ಅಜ್ಜಿ ಬೈತಾಳೆ.”

“ಗೊತ್ತಾದ್ರೆ ತಾನೆ? ಇನ್ನೊಂದು ಮಾತು. ಸೋಡಾ ಹಾಕ್ಬೇಡ. ಹಾಕಿದ್ರೆ ಆ ನೀರು ಕುಡಿದ್ರೂ ಒಂದೇ, ಬಿಟ್ರೂ ಒಂದೇ. ಹಾಕಿದಂಗೆ ಮಾಡು, ಹಾಕ್ಬೇಡ. ಇಲ್ಲಿ ಕೈ ಇಟ್ಟು ಹೇಳು.”

ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ನಾನು ‘ಹಾಕಲ್ಲ’ ಅಂದೆ. ಆಗ ಒಳಗೆ ಏನೋ ಅಲುಗಾಡಿತು ಎಂದು ನನಗೆ ನೆನಪು. ಎಷ್ಟೋ ವರ್ಷ ಹಾಗೆಂದೇ ನಂಬಿದ್ದೆ. ಲೆಕ್ಕ ಹಾಕಿದರೆ ಆಗ ಅವಳಿಗೆ ಮೂರು ತಿಂಗಳಿರಬೇಕು. ಹೊರಗಿನ ಕೈಗೆ ಮಗುವಿನ ಅಲುಗಾಟ ತಿಳಿಯುವ ಕಾಲವಲ್ಲ. ಆದ್ದರಿಂದ ಅದು ಆಮೇಲೆ ನಾನು ಸೇರಿಸಿಕೊಂಡದ್ದು. ಯಾಕೆ ಸೇರಿಸಿಕೊಂಡೆ ಎಂಬುದು ನನಗೆ ಹಿತವಾದ ಪ್ರಶ್ನೆಯಲ್ಲ.

ಆ ದಿನ ಸೋಡಾ ಹಾಕಲಿಲ್ಲ. ಬೆರಳನ್ನು ಡಬ್ಬಿಗೆ ಅದ್ದಿ, ಒರೆಸಿಕೊಂಡು, ಬರಿಗೈಯನ್ನು ತಪ್ಪಲೆಯ ಮೇಲೆ ಕೊಡವಿದೆ. ಸೊಪ್ಪು ಬೆಂದು ಖಾಕಿ ಬಣ್ಣಕ್ಕೆ ತಿರುಗಿತು. ಅಜ್ಜಿ ಬಗ್ಗಿ ನೋಡಿದಳು.

“ಏನೇ ಇದು, ಸಗಣಿ ಬೇಯ್ಸಿದಂಗಿದೆ? ಸೋಡಾ ಹಾಕ್ಲಿಲ್ವಾ?”

“ಹಾಕ್ದೆ ಅಜ್ಜಿ.”

“ನಿನ್ ಕೈಗೆ ಏನಾಯ್ತು ಹಂಗಾದ್ರೆ? ಆ ಓದಿದ ಸೊಸೆ ಕಣ್ಣು ತಾಕ್ತಾ?”

ಪಲ್ಯಕ್ಕೆಂದು ಹಿಂಡಿದ ಸೊಪ್ಪಷ್ಟನ್ನೂ ಅಜ್ಜಿ ಎಮ್ಮೆಗೆ ಹಾಕಿಸಿದಳು. ಹೆಂಗಸರು ಆ ಮಧ್ಯಾಹ್ನ ನೀರಾದ ಸಾರಿನಲ್ಲಿ ಮುದ್ದೆ ನುಂಗಿದೆವು. ಚಿಕ್ಕಮ್ಮ ನನ್ನ ಕಡೆ ನೋಡಿ ಕಂಡೂ ಕಾಣದ ಹಾಗೆ ನಕ್ಕಳು. ಅವಳಿಗೆ ಅದು ಗೆಲುವು. ನನಗೆ, ನನ್ನ ಚಿಟಿಕೆ ಕೆಟ್ಟ ದಿನ. ಮೂರು ದಿನ ಮಾತು ಉಳಿಸಿಕೊಂಡೆ ಎಂದು ಬರೆಯಲು ಕೈ ತುಡಿಯುತ್ತದೆ. ಮೂರು ದಿನ ಇರಲಾರದು. ಅಜ್ಜಿ ಮೂರು ದಿನ ಸಹಿಸುವವಳಲ್ಲ. ಒಂದೇ ದಿನ ಇರಬೇಕು. ಮಾರನೆಯ ದಿನ ನಾನು ಡಬ್ಬಿ ತೆಗೆದು ಒಂದು ಚಿಟಿಕೆ ಹಾಕಿದೆ. ಸೊಪ್ಪು ಗಿಳಿಹಸಿರಾಯಿತು. ‘ಬಂತು ನೋಡು ಕೈ’ ಎಂದು ಅಜ್ಜಿ ನನ್ನ ಬೆನ್ನು ತಟ್ಟಿದಳು. ಮೊದಲ ನೀರು ಬಸಿದುಕೊಂಡು ಕೊಟ್ಟಿಗೆಗೆ ಹೋದೆ. ಹುಲ್ಲಿನ ಸಂದಿಯ ಚೆಂಬಿಗೆ ತುಂಬಿಟ್ಟು, ಉಳಿದದ್ದನ್ನು ಬಾನಿಗೆ ಸುರಿದು ಬಂದೆ.

ಹೀಗೆ ಐದು ತಿಂಗಳು. ನಾನು ಎರಡೂ ಕಡೆ ಒಳ್ಳೆಯವಳಾಗಿದ್ದೆ. ಚಿಕ್ಕಮ್ಮ ಸಗಣಿ ಬಾಚುವ ನೆಪದಲ್ಲಿ ಹೋಗಿ, ಚೆಂಬಿಗೆ ಉಪ್ಪು ಹಾಕಿ, ಅರ್ಧ ನಿಂಬೆ ಹಿಂಡಿಕೊಂಡು, ಗೋಡೆಯ ಕಡೆ ತಿರುಗಿ ಒಂದೇ ಉಸಿರಿಗೆ ಕುಡಿಯುತ್ತಿದ್ದಳು. ಎಮ್ಮೆ ಒಂದು ಕಡೆ, ಅವಳು ಒಂದು ಕಡೆ. ಕುಡಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ನಿಂಬೆ ಬಿದ್ದಾಗ ಸೋಡಾಕ್ಕೆ ನೀರು ನೊರೆಯೇಳುತ್ತಿತ್ತು. ಆ ನೊರೆಯನ್ನು ಅವಳೂ ನೋಡಿರಬೇಕಲ್ಲ ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ಎಂಟನೇ ತಿಂಗಳಿನಲ್ಲಿ, ಹುಳು ಹಣ್ಣಾದ ದಿನ ಬೆಳಿಗ್ಗೆ ಅವಳಿಗೆ ನೋವು ಬಂತು. ಹಣ್ಣಾದ ಹುಳು ಕಾಯುವುದಿಲ್ಲ. ಮೈ ಪಾರದರ್ಶಕವಾದ ಕೂಡಲೇ ಒಂದೊಂದನ್ನೂ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡಬೇಕು, ಇಲ್ಲದಿದ್ದರೆ ಸಿಕ್ಕಲ್ಲಿ ನೂಲು ಬಿಟ್ಟು ಹಾಳಾಗುತ್ತವೆ. ಮನೆಯವರೆಲ್ಲರ ಕೈಯೂ ತಟ್ಟೆಯಲ್ಲಿತ್ತು. ಅಮ್ಮ ಎರಡು ಸಲ ಎದ್ದು ಕೋಣೆಗೆ ಹೋಗಿ ಬಂದಳು, ಎರಡು ಸಲವೂ ಅಜ್ಜಿ ‘ಏಯ್’ ಅಂದಳು. ಎಂಟಕ್ಕೆ ಹೆರಿಗೆ ಆಗುವುದಿಲ್ಲ, ಸುಳ್ಳು ನೋವು ಎಂದಳು. ಗಾಡಿ ಕಟ್ಟಿಸಿದಾಗ ಮಧ್ಯಾಹ್ನವಾಗಿತ್ತು. ಗಾಡಿ ಊರ ಕೆರೆಯ ಏರಿ ದಾಟುವ ಮುಂಚೆಯೇ ತಿರುಗಿ ಬಂತು. ಹೆಣ್ಣು ಮಗು. ಅಳಲಿಲ್ಲ. ನನಗೆ ನೋಡಲು ಬಿಡಲಿಲ್ಲ. ಬಾಳೆಯೆಲೆಯ ಮೇಲೆ ಬಿಳಿಯ ಬಟ್ಟೆ ಕಂಡ ನೆನಪಿದೆ, ಅದು ಹುಳುವಿಗೆ ಹೊದಿಸುವ ಬಟ್ಟೆಯೂ ಇರಬಹುದು.

ಮೂರನೆಯ ದಿನ ಅಜ್ಜಿ ಹುಲ್ಲು ಹಿರಿಯಲು ಹೋದವಳು ಚೆಂಬು ಹಿಡಿದುಕೊಂಡು ಬಂದಳು. ಒಳಗೆ ಹಸಿರು ಕರೆ ಕಟ್ಟಿತ್ತು. ಇನ್ನೊಂದು ಕೈಯಲ್ಲಿ ಒಣಗಿದ ನಿಂಬೆ ಹೋಳುಗಳು. ಅವಳು ಕೂಗಾಡಲಿಲ್ಲ, ಅದಕ್ಕೇ ಭಯವಾಯಿತು. ಬಾಣಂತಿ ಮಲಗಿದ್ದ ಕೋಣೆಯ ಬಾಗಿಲಲ್ಲಿ ನಿಂತು ಚೆಂಬನ್ನು ಒಳಗೆ ಎಸೆದಳು.

“ಕುಡಿದು ಕೊಂದ್ಯಲ್ಲೇ. ಬರ ಬಂದಾಗ ನಮ್ಮಕ್ಕ ಕಾಡುಸೊಪ್ಪಿನ ನೀರು ಬಸೀದೆ ಕುಡಿದು ವಾಂತಿ ಮಾಡ್ಕೊಂಡು ಸತ್ಲು, ನಮ್ಮಮ್ಮನ ತೊಡೆ ಮೇಲೇ. ಬೇಡ ಬೇಡ ಅಂತ ಬಡ್ಕೊಂಡೆ. ಪುಸ್ತಕದಲ್ಲಿ ಬರ್ದಿತ್ತಾ ಅದು? ನಿನ್ನ ಮಗೂನ ನೀನೇ ತಿಂದೆ.”

ಆ ಅಕ್ಕನ ಕಥೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. ಯಾವುದೋ ಬರದ ವರ್ಷದ ಯಾವುದೋ ವಿಷದ ಸೊಪ್ಪಿಗೆ ಹೆದರಿ ಅವಳು ಬದುಕಿಡೀ ಕೀರೆಯನ್ನೂ ದಂಟನ್ನೂ ಶಿಕ್ಷಿಸಿದ್ದಳು. ಇದನ್ನು ತಿಳಿದ ಮೇಲೆ ಅಜ್ಜಿಯ ಮೇಲೆ ಕನಿಕರ ಹುಟ್ಟಬೇಕು. ಓದುವವರೂ ಅದನ್ನೇ ನಿರೀಕ್ಷಿಸುತ್ತಾರೆ. ನನಗೆ ಹುಟ್ಟಲಿಲ್ಲ. ಮೂರು ದಿನದ ಬಾಣಂತಿಯ ಮೇಲೆ ಚೆಂಬು ಎಸೆಯಲು ಅಕ್ಕನ ಸಾವು ಸಾಕಾಗುವುದಿಲ್ಲ. ಚಿಕ್ಕಮ್ಮ ಗೋಡೆಗೆ ಒರಗಿ ಕೂತಿದ್ದಳು. ಬಾಗಿಲ ಪಕ್ಕದಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ನಾನು ಆಗಲಾದರೂ ‘ಆ ನೀರನ್ನು ನಾನೇ ತಂದುಕೊಡುತ್ತಿದ್ದೆ’ ಎನ್ನಬಹುದಿತ್ತು. ಅಜ್ಜಿಯ ಸೀರೆಯ ನೆರಿಗೆ ಹಿಡಿದುಕೊಂಡೆ. ತಿಂಗಳು ತುಂಬುವ ಮೊದಲೇ ಚಿಕ್ಕಪ್ಪ ಬೇರೆ ಹೋದ. ಕೆಲವು ವರ್ಷಗಳ ಮೇಲೆ ಚಿಂತಾಮಣಿಗೆ ವರ್ಗ ಮಾಡಿಸಿಕೊಂಡ. ಅಜ್ಜಿ ಸತ್ತಾಗಲೂ ಚಿಕ್ಕಮ್ಮ ಬರಲಿಲ್ಲ. ಚಿಕ್ಕಪ್ಪ ಒಬ್ಬನೇ ಬಂದು, ಮಣ್ಣು ಮಾಡಿ, ಊಟ ಮಾಡದೆ ಹೋದ.

ನಾನು ಬೆಂಗಳೂರಿನಲ್ಲಿ ಗೃಹವಿಜ್ಞಾನ ಓದಲು ಸೇರಿದ್ದು ಇದಕ್ಕಾಗಿ ಅಲ್ಲ. ಹಾಗೆ ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳು. ಅಲ್ಲಿ ಸೀಟು ಸಿಕ್ಕಿತು, ಸೇರಿದೆ. ಎರಡನೆಯ ವರ್ಷದ ಪ್ರಯೋಗಾಲಯದಲ್ಲಿ ಸೊಪ್ಪಿನ ಜೀವಸತ್ವದ ಪರೀಕ್ಷೆ ಮಾಡಿಸಿದರು. ಬೇಯಿಸಿದ ನೀರಿಗೆ ಆಮ್ಲ ಸೇರಿಸಿ, ಮೇಲಿನ ಗಾಜಿನ ನಳಿಗೆಯಿಂದ ಒಂದು ನೀಲಿ ಬಣ್ಣವನ್ನು ಹನಿಹನಿಯಾಗಿ ಬಿಡಬೇಕು. ನೀರಿನಲ್ಲಿ ‘ಸಿ’ ಜೀವಸತ್ವ ಇರುವವರೆಗೆ ಬಿದ್ದ ಬಣ್ಣ ಮಾಯವಾಗುತ್ತದೆ. ಮುಗಿದ ಕೂಡಲೇ ಆ ನೀಲಿ ಆಮ್ಲಕ್ಕೆ ಗುಲಾಬಿ ಬಣ್ಣವಾಗಿ ನಿಲ್ಲುತ್ತದೆ. ಮುಚ್ಚಿ ಬೇಯಿಸಿದ ಸೊಪ್ಪಿನ ಖಾಕಿ ನೀರು ಹನಿಗಳನ್ನು ನುಂಗುತ್ತಲೇ ಹೋಯಿತು. ಪಾಠದಲ್ಲಿ ಇಲ್ಲದಿದ್ದರೂ ನಾನು ಇನ್ನೊಂದು ಪಾತ್ರೆಯಲ್ಲಿ ಅಜ್ಜಿಯ ಹಾಗೆ ಬೇಯಿಸಿದೆ: ಎಳ್ಳಿನ ಗಾತ್ರ, ತಪ್ಪಲೆ ತುಂಬ ನೀರು, ಒಂದು ಚಿಟಿಕೆ. ಬೆರಳು ಮರೆತಿರಲಿಲ್ಲ. ಸುಂದರವಾದ ಹಸಿರು ನೀರು. ನಾಲ್ಕು ಹನಿಗೇ ಗುಲಾಬಿ ನಿಂತಿತು. ಪಕ್ಕದ ಹುಡುಗಿ ‘ಎಷ್ಟು ಬೇಗ ಮುಗಿಸಿದ್ಯೇ’ ಅಂದಳು.

ನ್ಯಾಯವಾಗಿ ಎಲ್ಲವನ್ನೂ ಬರೆಯಬೇಕು. ಕಣ್ಣಿಗೆ ಬೇಕಾದ ಸತ್ವ ನೀರಿಗೆ ಹೋಗುವುದಿಲ್ಲ, ಹಿಂಡಿದ ಸೊಪ್ಪಿನಲ್ಲೇ ಇರುತ್ತದೆ. ಒಗ್ಗರಣೆಯ ಎಣ್ಣೆ ಅದನ್ನು ಮೈಗೆ ಹತ್ತಿಸುತ್ತದೆ. ಆ ಲೆಕ್ಕದಲ್ಲಿ ಅಜ್ಜಿಯ ಪಲ್ಯ ಬರಿಯ ಬಣ್ಣವಲ್ಲ. ಕಬ್ಬಿಣದ ಅಂಶ ಸೋಡಾಕ್ಕೆ ನಾಶವಾಗುವಂಥದ್ದಲ್ಲ, ಸ್ವಲ್ಪವಾದರೂ ಆ ಚೆಂಬಿನಲ್ಲಿ ಇದ್ದಿರಬೇಕು. ಹಿಂಡಿಕೊಂಡ ನಿಂಬೆಯೂ ಏನಾದರೂ ಮಾಡಿರಬೇಕು. ದಿನಕ್ಕೊಂದು ಚೆಂಬು ಸೊಪ್ಪಿನ ನೀರು ಒಂದು ಮಗುವನ್ನು ಉಳಿಸುತ್ತದೆ ಎಂದು ಯಾವ ಪುಸ್ತಕವೂ ಹೇಳುವುದಿಲ್ಲ. ಹುಳು ಹಣ್ಣಾಗದೆ ಇದ್ದಿದ್ದರೆ, ಗಾಡಿ ಬೇಗ ಹೊರಟಿದ್ದರೆ ಎಂದೂ ಕೇಳಬಹುದು. ವಿಜ್ಞಾನ ನನ್ನ ಪರವಾಗಿ ಇಷ್ಟೆಲ್ಲ ಸಾಕ್ಷಿ ಹೇಳುತ್ತದೆ. ಗುಲಾಬಿ ಮಾತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ. ಆ ರಜೆಯಲ್ಲಿ ಊರಿಗೆ ಹೋದವಳು ಅಮ್ಮನಿಗೆ ಎಲ್ಲ ಹೇಳಿದೆ.

“ಹುಚ್ಚಿ, ನೀನೆಲ್ಲಿ ಹಾಕ್ತಿದ್ದೆ ಸೋಡಾನ? ಡಬ್ಬಿ ಅಷ್ಟು ಮೇಲಿತ್ತು. ನಿನ್ ಕೈಗೆ ಎಟಕ್ತಾನೇ ಇರ್ಲಿಲ್ಲ. ಹಾಕ್ತಿದ್ದೋಳು ನಾನು.”

ಅಮ್ಮ ಸುಳ್ಳು ಹೇಳುವವಳಲ್ಲ. ನನ್ನ ನೆನಪು ನಂಬುವಂಥದ್ದಲ್ಲ. ಒಂದು ಇಡೀ ದಿನ ನಾನು ಹಗುರಾಗಿದ್ದೆ. ಒಲೆಯ ಮೇಲಿನ ಗೂಡನ್ನು ಹೋಗಿ ನೋಡಿದೆ, ಎತ್ತರದಲ್ಲೇ ಇತ್ತು. ಮಾರನೆಯ ಬೆಳಿಗ್ಗೆ ಎದ್ದು ಚಿಂತಾಮಣಿಯ ಬಸ್ಸು ಹತ್ತಿದೆ.

ಆ ಭೇಟಿಯ ಬಗ್ಗೆ ದಿನಚರಿಯಲ್ಲಿ ಇರುವುದು ಇಷ್ಟು: ‘ಚಿಂತಾಮಣಿಗೆ ಹೋಗಿದ್ದೆ. ಊಟ ಅಲ್ಲೇ ಆಯಿತು.’ ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಚಿಕ್ಕ ಬಾಡಿಗೆ ಮನೆ. ಆಮೇಲೆ ಹುಟ್ಟಿದ ಮಗ ಶಾಲೆಗೆ ಹೋಗಿದ್ದ, ಚಿಕ್ಕಪ್ಪ ಕಚೇರಿಗೆ. ಚಿಕ್ಕಮ್ಮ ದಪ್ಪಗಾಗಿದ್ದಳು. ಯಾಕೆ ಬಂದೆ ಎಂದು ಕೇಳಲಿಲ್ಲ, ಬಾ ಎಂದೂ ಅನ್ನಲಿಲ್ಲ. ಬಾಗಿಲು ಬಿಟ್ಟು ಒಳಗೆ ಹೋದಳು. ಒಲೆಯ ಮೇಲೆ ಸೊಪ್ಪು ಬೇಯುತ್ತಿತ್ತು. ಪಾತ್ರೆಗೆ ಮುಚ್ಚಳವಿತ್ತು. ಚಿಕ್ಕವಳಿದ್ದಾಗ ಅವಳನ್ನು ‘ನೀನು’ ಅನ್ನುತ್ತಿದ್ದೆ, ಆ ದಿನ ಬಾಯಿಗೆ ‘ನೀವು’ ಬಂತು.

“ಚಿಕ್ಕಮ್ಮ, ನೀವು ಕುಡೀತಿದ್ರಲ್ಲ ಆ ನೀರು. ಅದಕ್ಕೆ ನಾನು ಸೋಡಾ ಹಾಕ್ತಿದ್ದೆ. ಮಾತು ಕೊಟ್ಟ ಮಾರನೇ ದಿನದಿಂದ.”

ಅವಳು ತಿರುಗಲಿಲ್ಲ.

“ಗೊತ್ತಿತ್ತು.”

“ಅಮ್ಮ ಹೇಳ್ತಾಳೆ, ನಾನಲ್ಲ ಅಂತ. ನನ್ ಕೈಗೆ ಡಬ್ಬಿ ಎಟಕ್ತಿರ್ಲಿಲ್ವಂತೆ.”

“ನಿಮ್ಮಮ್ಮ ಒಳ್ಳೆಯೋಳು. ನಿಮ್ಮಜ್ಜಿ ಊಟಕ್ಕೆ ಕೂರೋ ಮಣೆ ಗೋಡೆಗೆ ಒರಗ್ಸಿಟ್ಟು ಹತ್ತಿ ನೀನೇ ಡಬ್ಬಿ ತೆಗೀತಿದ್ದೆ. ಬಾಗಿಲ ಸಂದೀಲಿ ನೋಡೋದು ನಿಂಗೊಬ್ಳಿಗೇ ಬರುತ್ತೆ ಅನ್ಕೊಂಡಿದ್ಯಾ?”

ಮಣೆ. ಪಾದದ ಕೆಳಗೆ ಅದು ಅಲುಗುವುದು ಆ ಕ್ಷಣಕ್ಕೆ ನೆನಪಾಯಿತು. ಈ ಸಲ ಸೇರಿಸಿಕೊಂಡದ್ದಲ್ಲ.

“ಗೊತ್ತಿದ್ದೂ ಯಾಕೆ ಕುಡಿದ್ರಿ?”

“ನೀರು ನಾಲಿಗೆ ಮೇಲೆ ಸೋಪಿನ ಥರ ಜಾರ್ತಿತ್ತು. ದಿನಾ ಬೆಳಿಗ್ಗೆ ಚೆಂಬು ಎತ್ತುವಾಗ ಅನ್ಕೋತಿದ್ದೆ, ಇವತ್ತು ಹಾಕಿರಲ್ಲ, ಇವತ್ತು ಹಾಕಿರಲ್ಲ ಅಂತ. ಐದು ತಿಂಗಳು ಅನ್ಕೊಂಡೆ.”

ನಾನು ಅಳತೊಡಗಿದೆ. ಅವಳು ಪಾತ್ರೆಯ ಮುಚ್ಚಳ ತೆಗೆದು, ಸೌಟಿನಿಂದ ಒಮ್ಮೆ ತಿರುಗಿಸಿ ಮತ್ತೆ ಮುಚ್ಚಿದಳು.

“ನೋಡು ಸರೋಜ. ಹೋಗ್ಲಿ ಬಿಡು ಅಂತ ನನ್ ಬಾಯಲ್ಲಿ ಹೇಳ್ಸಕ್ಕೆ ಬಂದಿದ್ರೆ ಹನ್ನೆರಡೂವರೆಗೆ ಬಸ್ಸಿದೆ. ನಾನು ಅನ್ನಲ್ಲ. ಊಟಕ್ಕೆ ಬಂದಿದ್ರೆ ಕೂತ್ಕೋ.”

ನಾನು ಕೂತೆ. ಮುದ್ದೆ ಹಾಕಿದಳು, ಬಸ್ಸಾರು ಬಿಟ್ಟಳು. ಪಕ್ಕದಲ್ಲಿ ಒಂದು ಸೌಟು ಸೊಪ್ಪು. ಅಜ್ಜಿ ಕಂಡಿದ್ದರೆ ಸಗಣಿ ಅನ್ನುತ್ತಿದ್ದ ಬಣ್ಣ. ನನ್ನ ಕೈ ತಟ್ಟೆಯ ಅಂಚಿನಲ್ಲಿ ನಿಂತಿತು. ಅವಳು ಅದನ್ನು ನೋಡಿದಳು.

“ಬಣ್ಣ ನೋಡ್ಬೇಡ. ತಿನ್ನು.”